ಮಾನಿಟರಿನ ಮೂಲೆಯ ಕಾಡಿಗೆ ಬೊಟ್ಟು

ಬೋರಮ್ಮ ಅದನ್ನು ಇಟ್ಟದ್ದು ಕಂಪ್ಯೂಟರು ಬಂದ ದಿನವೇ. ರಟ್ಟಿನ ಪೆಟ್ಟಿಗೆ ಬಿಚ್ಚಿ, ಥರ್ಮಾಕೋಲು ಕಿತ್ತು, ಮಾನಿಟರನ್ನು ಮೇಜಿನ ಮೇಲೆ ಕೂರಿಸಿ ನಾವು ಹಿಂದೆ ಸರಿದು ಕಣ್ತುಂಬ ನೋಡುತ್ತಿದ್ದಾಗ, ಕಚೇರಿ ಗುಡಿಸಿ ನೀರು ತುಂಬಿಸಿ ಟೀ ತರುವ ಬೋರಮ್ಮ ಸರಸರನೆ ಮುಂದೆ ಬಂದು, ತನ್ನ ಕಣ್ಣಂಚಿನ ಕಾಡಿಗೆಯನ್ನು ಕಿರುಬೆರಳಿಗೆ ಹಚ್ಚಿಕೊಂಡು, ಗಾಜಿನ ಬಲಮೂಲೆಯಲ್ಲಿ ಒಂದು ಬೊಟ್ಟು ಒತ್ತಿಬಿಟ್ಟಳು. ಸಾಸಿವೆಗಿಂತ ದೊಡ್ಡದು, ಹೆಸರುಕಾಳಿಗಿಂತ ಸಣ್ಣದು. "ಇಷ್ಟು ಚೆಂದಾಗೈತೆ, ಯಾರ ಕಣ್ಣಾರ ಬಿದ್ರೆ?" ಎಂದಳು. ನೀವು ನಗುತ್ತೀರೆಂದು ಬಲ್ಲೆ, ನಾನೂ ನಕ್ಕಿದ್ದೆ. ಆಮೇಲೆ ಮೇಜಿನ ಕೆಳಗಿನ ಸಿಪಿಯು ಡಬ್ಬಿ ಎರಡು ಸಲ ಬದಲಾಯಿತು, ಕೀಲಿಮಣೆ ನಾಲ್ಕು ಸಲ ಬದಲಾಯಿತು, ಮಾನಿಟರು ಮಾತ್ರ ಅದೇ ಉಳಿಯಿತು. ಬೊಟ್ಟು ಮಾಸಿದಾಗಲೆಲ್ಲ ಬೋರಮ್ಮ ಹೊಸದಾಗಿ ಇಡುತ್ತಲೇ ಇದ್ದಳು.

ನಮ್ಮ ಕಚೇರಿ ಇದ್ದದ್ದು ಚಳ್ಳಕೆರೆಯಲ್ಲಿ, ಒಂದು ಕಂಬಳಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಕುರಿ ಉಣ್ಣೆಯ ವಾಸನೆ, ಕಿಟಕಿ ತೆರೆದರೆ ಗಿರಣಿಗಳ ಕಡಲೆಕಾಯಿ ಎಣ್ಣೆಯ ವಾಸನೆ, ಇವೆರಡರ ನಡುವೆ ನಾನು ಮತ್ತು ನನ್ನ ಜೊತೆಗಾರ ವೀರೇಶ ಕೂತು ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೆ ಒಂದು ತಂತ್ರಾಂಶ ಕಟ್ಟುತ್ತಿದ್ದೆವು. ಸೀರೆಯ ಅಂಚಿನ ವಿನ್ಯಾಸವನ್ನು ಮೊದಲು ಚೌಕುಳಿ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆಯುತ್ತಾರೆ. ಆ ಚುಕ್ಕಿಗಳನ್ನು ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ. ಆ ರಟ್ಟುಗಳ ಸರಮಾಲೆಯನ್ನು ಮಗ್ಗದ ಮೇಲೆ ಏರಿಸಿದರೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಅದು ಹೇಳಿಕೊಡುತ್ತದೆ. ಚೌಕುಳಿ ಕಾಗದದ ಕೆಲಸವನ್ನು ಕಂಪ್ಯೂಟರಿಗೆ ತರುವುದು ನಮ್ಮ ಆಸೆ. ಬೆಂಗಳೂರಿಗೆ ಹೋಗಿ ಮಾಡಿ ಎಂದವರಿಗೆಲ್ಲ, ಮಗ್ಗ ಇರುವುದು ಇಲ್ಲಿ, ನಾವು ಇರುವುದೂ ಇಲ್ಲೇ ಎಂದು ಹೇಳಿ ಬಾಯಿ ಮುಚ್ಚಿಸಿದ್ದೆ. ಹಟಮಾರಿ ಹೆಂಗಸು ಎಂಬ ಹೆಸರು ನನಗೆ ಆಗಲೇ ಬಂದಿತ್ತು, ಅದನ್ನು ಉಳಿಸಿಕೊಳ್ಳಲು ನಾನೇನೂ ಹೆಚ್ಚು ಕಷ್ಟಪಡಬೇಕಾಗಲಿಲ್ಲ.

ವಿನ್ಯಾಸಗಳೆಲ್ಲ ಬರುತ್ತಿದ್ದದ್ದು ನಾಗಪ್ಪನವರಿಂದ. ಎಪ್ಪತ್ತು ದಾಟಿದ ನೇಕಾರರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಆಯುಸ್ಸು ಕಳೆದವರು. ಅವರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಚೌಕುಳಿ ಕಾಗದದ ಪುಸ್ತಕಗಳ ಒಂದು ರಾಶಿಯೇ ಇತ್ತು, ಒಂದೊಂದರಲ್ಲೂ ಹತ್ತಾರು ಅಂಚು: ಬಳ್ಳಿ, ಹಂಸ, ಮಾವಿನಕಾಯಿ, ಹೆಸರೇ ಇಲ್ಲದ ಎಂಥೆಂಥದೋ ಹೂವು. ಮೊದಲ ಪುಸ್ತಕವನ್ನು ಅವರು ನಂಬಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕಂಪ್ಯೂಟರಿಗೆ ಏರಿಸಿದೆ, ಏರಿಸುವಾಗ ಒಂದು ಜಾಣತನವನ್ನೂ ಮಾಡಿದೆ. ಎಲ್ಲ ಅಂಚುಗಳಲ್ಲೂ ಎಲ್ಲೋ ಒಂದು ಕಡೆ, ಬಳ್ಳಿಗೂ ಹೂವಿಗೂ ಸೇರದ ಒಂದೇ ಒಂದು ಚುಕ್ಕಿ ಒಂಟಿಯಾಗಿ ನಿಂತಿರುತ್ತಿತ್ತು. ಮುದುಕರಿಗೆ ಕಣ್ಣು ಮಂಜಾಗಿದೆ, ಕೈ ತಪ್ಪಿದೆ ಎಂದುಕೊಂಡು, ಸುತ್ತಲೂ ನೆಂಟರಿಲ್ಲದ ಚುಕ್ಕಿ ಸಿಕ್ಕರೆ ತಾನಾಗಿಯೇ ಅಳಿಸಿಹಾಕುವಂತೆ ತಂತ್ರಾಂಶಕ್ಕೆ ಹೇಳಿಕೊಟ್ಟೆ. ಇಪ್ಪತ್ತೇ ಸಾಲಿನ ಕೋಡು. ಬರೆದ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ವೀರೇಶನನ್ನು ಕರೆದು ಎರಡು ಸಲ ಓಡಿಸಿ ತೋರಿಸಿದ್ದೆ.

ಆ ಅಂಚಿನ ಮೊದಲ ಸೀರೆ ಮಗ್ಗದಿಂದ ಇಳಿದಾಗ ನಾಗಪ್ಪನವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದರು, ಮಡಿಸಿ ಪಕ್ಕಕ್ಕಿಟ್ಟರು. ಮುಂದಿನ ವಾರ ಎರಡನೆಯ ಪುಸ್ತಕ ಕೇಳಲು ಹೋದಾಗ ಅದು ಪೆಟ್ಟಿಗೆಯೊಳಗಿತ್ತು, ಪೆಟ್ಟಿಗೆಗೆ ಬೀಗವಿತ್ತು.

"ನೀನು ಏನು ಮಾಡ್ದೆ ಅಂತ ಗೊತ್ತೈತೇನವ್ವಾ?" ಎಂದರು. "ನನ್ನ ಕೂಸಿನ ಮಕ ತೊಳೆದು ಬಿಟ್ಟೆ."

ಆಗ ತಿಳಿಯಿತು. ಅದು ಅವರ ಮನೆತನದ ಪದ್ಧತಿ. ಅಂಚು ಬರೆದು ಮುಗಿಸಿ, ಅದು ತೀರಾ ಚೆನ್ನಾಗಿ ಬಂದಿದೆ ಎನ್ನಿಸಿದ ಗಳಿಗೆಯಲ್ಲಿ ಒಂದು ಚುಕ್ಕಿಯನ್ನು ಬೇಕೆಂದೇ ತಪ್ಪಾಗಿ ಇಡುತ್ತಾರೆ, ಕೂಸಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನ ಹಾಗೆ. ಅವರಪ್ಪ ಇಟ್ಟಿದ್ದರು, ಇವರು ಇಡುತ್ತಿದ್ದರು, ಕಣ್ಣು ಚುರುಕಾಗಿದ್ದ ಇಪ್ಪತ್ತರ ಹರೆಯದಿಂದಲೂ ಇಡುತ್ತಿದ್ದರು. ನಾನು ಅವರ ಪದ್ಧತಿಯನ್ನು ಅವರ ಮುಪ್ಪಿನ ಲೆಕ್ಕಕ್ಕೆ ಹಾಕಿದ್ದೆ. ಇಷ್ಟು ವರ್ಷ ಕಳೆದ ಮೇಲೂ, ಹೇಳುವಾಗ ನಾಚಿಕೆಯಾಗುತ್ತದೆ.

ಕ್ಷಮೆ ಕೇಳಿದೆ. ಅವರು ಸಿಟ್ಟಾಗಿರಲಿಲ್ಲ, ಅದೇ ಕಷ್ಟವಾಗಿದ್ದದ್ದು. "ಬೈಯಾಕೆ ಏನೈತಿ ಬಿಡು ತಾಯಿ. ಕೇಳಿ ಮುಟ್ಟೋರನ್ನ ಯಾರನ್ನಾರ ಕರ್ಕಂಬಾ, ಪೆಟ್ಟಿಗೆ ಬೀಗ ತೆಗೀತೀನಿ. ಬ್ಯಾಗ ಕರ್ಕಂಬಾ. ಡಾಕ್ಟ್ರು ಕಣ್ಣಿಗೆ ಬಂದಿದ್ದು ಪೊರೆ ಅಲ್ಲ, ನರ ಸೋತೈತೆ ಅಂದವ್ರೆ. ಹೋದದ್ದು ಬರಾಕಿಲ್ವಂತೆ. ಆಮ್ಯಾಲೆ ಪುಸ್ತಕ ಕೊಟ್ರೂ ಓದಿ ಹೇಳೋರು ಇರಲ್ಲ." ಅವರು ಬರೆದಿಟ್ಟ ಗುರುತುಗಳಲ್ಲಿ ಅರ್ಧ ಅವರಿಗೇ ತಿಳಿಯುವಂಥವು, ಇನ್ನು ಕೆಲವು ಅಂಚುಗಳು ಕಾಗದಕ್ಕೆ ಬಂದೇ ಇರಲಿಲ್ಲ, ತಲೆಯಲ್ಲೇ ಇದ್ದವು. ಅವರ ಕಣ್ಣಿನ ಬೆಳಕು ಇರುವಷ್ಟೇ ದಿನ ನಮಗಿದ್ದ ವಾಯಿದೆ.

ನಾನೇ ಕೂತು ಸರಿಮಾಡಬಹುದಿತ್ತಲ್ಲ ಎನ್ನುತ್ತೀರಿ. ಅವರು ಕೇಳಿದ್ದು ನನ್ನನ್ನಲ್ಲ. ಸಾಲದ್ದಕ್ಕೆ ನಮ್ಮ ತಂತ್ರಾಂಶ ಹಳೆಯ ಕಪ್ಪು ಪರದೆಯದು. ಅದನ್ನು ಮೌಸ್ ಹಿಡಿದು ಬರೆಯುವ ಹೊಸ ಬಗೆಯ ಪರದೆಗೆ ತರಬೇಕಿತ್ತು, ಅಷ್ಟು ವಿದ್ಯೆ ನನ್ನಲ್ಲೂ ಇರಲಿಲ್ಲ, ವೀರೇಶನಲ್ಲೂ ಇರಲಿಲ್ಲ. ಹೀಗಾಗಿ ಅನುಭವಸ್ಥ ಪ್ರೋಗ್ರಾಮರ್ ಬೇಕಾಗಿದ್ದಾರೆ ಎಂದು ಪತ್ರಿಕೆಗೆ ಜಾಹೀರಾತು ಕೊಟ್ಟೆವು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ದೊಡ್ಡ ಊರುಗಳಲ್ಲಿ ಕಂಪ್ಯೂಟರ್ ಉದ್ಯಮಕ್ಕೆ ಗ್ರಹಣ ಹಿಡಿದಿದ್ದ ಕಾಲವದು; ಇಲ್ಲದಿದ್ದರೆ ಚಳ್ಳಕೆರೆಯ ಕಂಬಳಿ ಅಂಗಡಿಯ ಮೆಟ್ಟಿಲನ್ನು ಅಂಥವರು ಯಾಕೆ ಹತ್ತುತ್ತಿದ್ದರು? ಬಂದರು. ಬಸ್ಸಿಳಿದು, ಧೂಳು ಕೊಡವಿ, ಪಂಚಾಂಗದಷ್ಟು ದಪ್ಪದ ಬಯೋಡೇಟಾ ಎದೆಗವಚಿಕೊಂಡು ಬಂದರು. ನನಗಿಂತ ಹೆಚ್ಚು ತಿಳಿದವರನ್ನು ನಾನು ಪರೀಕ್ಷಿಸಬೇಕು, ಇದಕ್ಕಿಂತ ವಿಚಿತ್ರವಾದ ಕೆಲಸ ಇನ್ನೊಂದಿಲ್ಲ. ಮೊದಲ ಕೆಲವರಿಗೆ ಪುಸ್ತಕದಿಂದ ಆರಿಸಿದ ಪ್ರಶ್ನೆಗಳನ್ನು ಕೇಳಿದೆ. ಅವರು ಅದೇ ಪುಸ್ತಕದಿಂದ ಉತ್ತರ ಹೇಳಿದರು. ಹೆಣ್ಣು ನೋಡಲು ಹೋದವರು ಹಾಡು ಬರುತ್ತದೆಯೇ ಎಂದು ಕೇಳಿದಂತೆ. ಹಾಡು ಎಲ್ಲರಿಗೂ ಬರುತ್ತದೆ, ಆಮೇಲೆ ಸಂಸಾರದಲ್ಲಿ ಯಾರೂ ಹಾಡುವುದಿಲ್ಲ.

ಹಾಗಾಗಿ ಪ್ರಶ್ನೆ ಬಿಟ್ಟು ಕೆಲಸ ಕೊಡತೊಡಗಿದೆ. ನಾಗಪ್ಪನವರ ಮೊದಲ ಪುಸ್ತಕದ ಒಂದು ಬಳ್ಳಿ ಅಂಚಿನ ಕಾಗದ ಮೇಜಿನ ಮೇಲೆ, ಅದರದೇ ಹಳೆಯ ಕಡತ ಕಂಪ್ಯೂಟರಿನೊಳಗೆ, ನನ್ನ ಇಪ್ಪತ್ತು ಸಾಲಿನ ಜಾಣತನವನ್ನು ತೆಗೆದುಹಾಕಿ ಒಂಟಿ ಚುಕ್ಕಿಯನ್ನು ಮರಳಿ ಇಟ್ಟ ಪ್ರತಿ. "ಇದನ್ನು ಹೊಸ ಪರದೆಗೆ ತನ್ನಿ, ಏನು ಬೇಕಾದರೂ ಕೇಳಿ, ಊಟದ ಹೊತ್ತಿನ ತನಕ ಸಮಯವಿದೆ" ಎನ್ನುತ್ತಿದ್ದೆ. ತಪ್ಪಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳುತ್ತಿರಲಿಲ್ಲ. ಒಂಟಿ ಚುಕ್ಕಿಯನ್ನು ಅವರು ಏನು ಮಾಡುತ್ತಾರೆ ಎಂಬುದೊಂದೇ ನನಗೆ ಬೇಕಾಗಿದ್ದ ಉತ್ತರ.

ಇದರ ಜೊತೆಗೆ ಇನ್ನೊಂದು ಗುಪ್ತ ಪರೀಕ್ಷೆಯೂ ಸೇರಿಕೊಂಡಿತು, ಅದನ್ನು ನಾನು ಯೋಜಿಸಿದ್ದಲ್ಲ. ಬಂದವರೆಲ್ಲ ಕುರ್ಚಿ ಎಳೆದು ಕೂತ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಬೋರಮ್ಮನ ಕಾಡಿಗೆ ಬೊಟ್ಟನ್ನು ಒರೆಸುವುದು. ಒಬ್ಬರು ಹೆಬ್ಬೆರಳಿನಿಂದ, ಒಬ್ಬರು ಕರವಸ್ತ್ರದಿಂದ, ಒಬ್ಬರಂತೂ ಟೈಯ ತುದಿಯಿಂದಲೇ. ಮೊದಲ ಸಲ ಬೋರಮ್ಮ "ಅಯ್ಯ!" ಎಂದು ಬಾಯಿ ತೆರೆದಾಗ ನಾನು ಕಣ್ಸನ್ನೆ ಮಾಡಿ ಸುಮ್ಮನಾಗಿಸಿದೆ. ಪರಸ್ಥಳದ ವಿದ್ಯಾವಂತರು, ಅವರ ಮುಂದೆ ಕಾಡಿಗೆಯ ಕಥೆ ಯಾಕೆ ಎಂಬ ಸಂಕೋಚ ಒಂದು ಕಡೆ. ಒರೆಸುವವರು ಯಾರು, ಒರೆಸದವರು ಯಾರು ನೋಡೋಣ ಎಂಬ ಕುತೂಹಲ ಇನ್ನೊಂದು ಕಡೆ. "ಬಂದವ್ರ ಎದುರಿಗೆ ಏನೂ ಅನ್ನಬ್ಯಾಡ ಬೋರಮ್ಮ" ಎಂದು ತಾಕೀತು ಮಾಡಿಬಿಟ್ಟೆ. ಅವಳು ಕಿಟಕಿಯ ಮೇಲೆ ಒಂದು ಕಾಡಿಗೆ ಡಬ್ಬಿಯನ್ನೇ ತಂದಿಟ್ಟುಕೊಂಡು, ಪ್ರತಿ ಸಂಜೆ ಮುಖ ಊದಿಸಿಕೊಂಡು ಹೊಸ ಬೊಟ್ಟು ಇಟ್ಟು ಮನೆಗೆ ಹೋಗುತ್ತಿದ್ದಳು.

ಒಬ್ಬೊಬ್ಬರ ನೆನಪೂ ಒಂದೊಂದು ಬಗೆ. ದಾವಣಗೆರೆ ಕಡೆಯ ಒಬ್ಬರು ಒಂಟಿ ಚುಕ್ಕಿಯನ್ನು ತೋರಿಸಿ, "ಟೈಪ್ ಮಾಡಿದವರ ತಪ್ಪು, ಇಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು" ಎಂದು ನನಗೇ ಬುದ್ಧಿ ಹೇಳಿದರು. ಇನ್ನೊಬ್ಬರು ಚುಕ್ಕಿಯನ್ನು ಹಾಗೆಯೇ ಉಳಿಸಿಕೊಂಡು ಅಂಚನ್ನು ಹೊಸ ಪರದೆಗೆ ತಂದರು! ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ. ಈ ಚುಕ್ಕಿಯ ಬಗ್ಗೆ ಏನನ್ನಿಸಿತು ಎಂದು ಕೇಳಿದರೆ, "ಯಾವ ಚುಕ್ಕಿ?" ಎಂದರು. ಅವರನ್ನೇ ತೆಗೆದುಕೊಂಡರೆ ನಾಗಪ್ಪನವರ ಬೊಟ್ಟುಗಳೆಲ್ಲ ಉಳಿಯುತ್ತಿದ್ದವು, ಅದೂ ನಿಜವೇ. ಎರಡು ದಿನ ಆ ಆಸೆ ನನ್ನನ್ನು ಕಾಡಿತು. ಕಾಣದೆ ಉಳಿಸುವವರು ಇನ್ನೊಂದು ದಿನ ಕಾಣದೆ ಅಳಿಸುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿ ಬಿಟ್ಟೆ.

ಆಮೇಲೆ ಬಂದವರು, ನಾವು ಇವತ್ತಿಗೂ ಹೆಸರು ಹೇಳದೆ "ಎರಡು ಗಂಟೆಯವರು" ಎಂದೇ ಕರೆಯುವವರು. ದೊಡ್ಡ ಕಂಪನಿಯೊಂದರಲ್ಲಿ ಎಂಟು ವರ್ಷ ದುಡಿದವರು, ಮಾತು ಕಡಿಮೆ, ಬೆರಳು ಚುರುಕು. ಊಟದ ಹೊತ್ತಿನ ತನಕ ಎಂದು ನಾನು ಕೊಟ್ಟ ಕೆಲಸವನ್ನು ಎರಡೇ ಗಂಟೆಯಲ್ಲಿ ಮುಗಿಸಿದರು, ಮುಗಿಸಿದ ರೀತಿಗೆ ವೀರೇಶನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬಳ್ಳಿ ಪರದೆಯ ಮೇಲೆ ಬಣ್ಣಬಣ್ಣವಾಗಿ ಅರಳಿತ್ತು. ಕೊನೆಗೆ ಅವರು, "ಅಲ್ಲಲ್ಲಿ ಒಂಟಿ ಚುಕ್ಕಿಗಳಿರಬಹುದು ಮೇಡಂ, ತಾನಾಗಿಯೇ ಅಳಿಸುವ ಹಾಗೆ ಸಣ್ಣದೊಂದು ಭಾಗ ಬರೆದಿದ್ದೇನೆ" ಎಂದು ತೋರಿಸಿದರು. ಹದಿನೈದು ಸಾಲು. ನನ್ನದಕ್ಕಿಂತ ಐದು ಸಾಲು ಕಡಿಮೆ, ನನ್ನದಕ್ಕಿಂತ ಅಚ್ಚುಕಟ್ಟು. ಅವರ ಮುಖದಲ್ಲಿ ಇದ್ದ ಹೆಮ್ಮೆಯನ್ನು ನಾನು ಎಲ್ಲಿ ನೋಡಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಬೇಡ ಎಂದೆ. ಅವತ್ತು ವೀರೇಶ ನನ್ನ ಮೇಲೆ ಮೊದಲ ಸಲ ದನಿ ಏರಿಸಿದ. "ಅಕ್ಕಾ, ಒಂದು ಮಾತು ಹೇಳಿದ್ರೆ ಆ ಹದಿನೈದು ಸಾಲು ತೆಗೀತಾರೆ. ಅಷ್ಟಕ್ಕೆ ಇಂಥವ್ರನ್ನ ಬಿಡ್ತೀಯಾ? ಆ ಯಜಮಾನ್ರ ಕಣ್ಣು ನಿನ್ನ ಪರೀಕ್ಷೆ ಮುಗಿಯೋ ತನಕ ಕಾಯ್ತೈತಾ?"

ನಾಟಿತು. ಹಿಂದಿನ ವಾರವಷ್ಟೇ ನಾಗಪ್ಪನವರು ನನ್ನನ್ನು ಗುರುತಿಸಿದ್ದು ಧ್ವನಿಯಿಂದ. "ಈ ಚುಕ್ಕಿ ಒಂದೇ ಆಗಿದ್ರೆ ಹೇಳಿ ತೆಗೆಸಬಹುದಿತ್ತು ವೀರೇಶ. ಆ ಪುಸ್ತಕಗಳಲ್ಲಿ ಇನ್ನೂ ಏನೇನು ಐತೋ ನಮಗೇ ಗೊತ್ತಿಲ್ಲ. ನಮಗೆ ಗೊತ್ತಿಲ್ಲದ್ದನ್ನ ಅವ್ರಿಗೆ ಮೊದಲೇ ಹ್ಯಾಂಗೆ ಹೇಳೋದು?" ಎಂದೆ. ಅವನು ಕೋಪದಲ್ಲಿ ಕೆಳಗಿಳಿದು ಹೋದ. ನಾನು ಕದಲಲಿಲ್ಲ. ಹೊರಗೆ ಗಟ್ಟಿಯಾಗಿ ಕೂತಿದ್ದೆ, ಒಳಗೆ ಹೆದರಿಕೆಯಿಂದ ನೀರಾಗಿದ್ದೆ, ಎರಡೂ ಸತ್ಯ.

ಮತ್ತೆ ಮೂರು ವಾರ ಯಾರೂ ಸರಿಹೋಗಲಿಲ್ಲ. ನಾಲ್ಕನೆಯ ವಾರ ಇಕ್ಬಾಲ್ ಬಂದರು. ಗಡಿಯಾಚೆಯ ತೆಲುಗು ಸೀಮೆಯ ರಾಯದುರ್ಗದವರು, ನಲವತ್ತರ ಹತ್ತಿರದ ವಯಸ್ಸು. ಬಯೋಡೇಟಾ ಎಂದು ಕೊಟ್ಟದ್ದು ಒಂದೇ ಹಾಳೆ. "ಹನ್ನೊಂದು ವರ್ಷದಲ್ಲಿ ಹೊಸದಾಗಿ ಏನೇನು ಮಾಡಿದ್ದೀರಿ?" ಎಂದು ಕೇಳಿದ್ದಕ್ಕೆ, "ಹೊಸದು ಏನೂ ಇಲ್ಲ ಮೇಡಂ. ಬೇರೆಯವ್ರು ಬರೆದು ಬಿಟ್ಟು ಹೋಗಿದ್ದನ್ನ ನೋಡ್ಕಂಡಿದ್ದೆ, ಅಷ್ಟೇ" ಎಂದರು. ವೀರೇಶ ನನ್ನ ಕಡೆ ನೋಡಿದ ನೋಟದಲ್ಲಿ, ಎರಡು ಗಂಟೆಯವರನ್ನು ಬಿಟ್ಟು ಇದನ್ನು ಹಿಡಿದೆಯಾ ಎಂಬುದು ದಪ್ಪಕ್ಷರದಲ್ಲಿತ್ತು.

ಕೆಲಸ ಒಪ್ಪಿಸಿದೆ. ಇಕ್ಬಾಲ್ ಕುರ್ಚಿ ಎಳೆದುಕೊಂಡರು, ಕನ್ನಡಕ ತೆಗೆದು ಒರೆಸಿದರು, ಅದೇ ಬಟ್ಟೆಯಿಂದ ಕೈ ಚಾಚಿ ಮಾನಿಟರಿನ ಮೂಲೆಯ ಬೊಟ್ಟನ್ನೂ ಒರೆಸಿಬಿಟ್ಟರು. ನನ್ನ ಗುಪ್ತ ಪರೀಕ್ಷೆಯಲ್ಲಿ ಅವರು ಅಲ್ಲಿಗೇ ನಪಾಸು. ಆದರೆ ಅಷ್ಟು ದಿನ ತಡೆದುಕೊಂಡಿದ್ದ ಬೋರಮ್ಮನಿಗೆ ಅವತ್ತು ತಡೆಯಲಾಗಲಿಲ್ಲ. ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ, "ಏನು ಸಾಬ್ರೇ, ಬಂದೋರೆಲ್ಲ ಅದನ್ನೇ ಒರೆಸ್ತೀರಲ್ರೀ! ಅದು ಕಸ ಅಂದೋರು ಯಾರು ನಿಮಗೆ? ಯಾರಿಟ್ಟವ್ರೆ, ಯಾಕಿಟ್ಟವ್ರೆ ಅಂತ ಒಂದು ಮಾತು ಕೇಳಾಕೆ ಬಾಯಿ ನೋಯ್ತೈತಾ?" ಎಂದು ಶುರುಮಾಡಿದವಳು, ಹಿಂದೆ ಬಂದವರೆಲ್ಲರ ಪಾಲಿನ ಬೈಗುಳವನ್ನೂ ಸೇರಿಸಿ ಅವರೊಬ್ಬರಿಗೇ ಬಡಿಸಿದಳು. ನಾನು ಸಂಕೋಚದಿಂದ ಕುಗ್ಗಿಹೋದೆ. ಇಕ್ಬಾಲ್ ಎದ್ದು ನಿಂತು, "ಮಾಫ್ ಮಾಡಮ್ಮಾ, ಧೂಳು ಅಂದ್ಕಂಡೆ" ಎಂದರು. ಬೋರಮ್ಮ ಅವರ ಎದುರಿಗೇ ಹೊಸ ಬೊಟ್ಟು ಇಟ್ಟು, ವಿಜಯಿಯಾಗಿ ಹೊರಟುಹೋದಳು.

ಊಟದ ಹೊತ್ತಾದರೂ ಅವರ ಕೆಲಸ ಅರ್ಧವೂ ಆಗಿರಲಿಲ್ಲ. ಕಾಗದವನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡುತ್ತಿದ್ದರು. ಕೊನೆಗೆ ನನ್ನನ್ನು ಕರೆದು, ಪರದೆಯ ಮೇಲಿನ ಒಂಟಿ ಚುಕ್ಕಿಯನ್ನು ಪೆನ್ಸಿಲಿನ ತುದಿಯಿಂದ ಮುಟ್ಟದೆ ತೋರಿಸಿ, "ಮೇಡಂ, ಇದು ಕಾಗದದಾಗೂ ಐತೆ. ಮಸಿ ಬಿದ್ದಿದ್ದಲ್ಲ, ಚೌಕದ ನಡು ಮಧ್ಯಕ್ಕೆ ಸರಿಯಾಗಿ ಇಟ್ಟವ್ರೆ. ತೆಗೀಬೇಕೋ ಬ್ಯಾಡವೋ ನನಗೆ ಗೊತ್ತಾಗ್ತಿಲ್ಲ. ಇದನ್ನ ಬರೆದವ್ರು ಇದಾರಾ? ಅವ್ರನ್ನ ಒಂದು ಮಾತು ಕೇಳಬೌದಾ?" ಎಂದರು.

ಆ ಮಾತಿಗಾಗಿ ನಾನು ಎಷ್ಟು ದಿನದಿಂದ ಕಿವಿ ತೆರೆದು ಕೂತಿದ್ದೆನೆಂದರೆ, ಉತ್ತರ ಕೊಡುವ ಬದಲು ಕಿಟಕಿಯ ಕಡೆ ತಿರುಗಿದೆ. ಸುಧಾರಿಸಿಕೊಂಡು, ಹನ್ನೊಂದು ವರ್ಷದ ಅನುಭವವೆಂದರೆ ಇದೇ ಇರಬೇಕು ಎಂದುಕೊಂಡು, ಇದನ್ನು ಕೇಳಬೇಕೆಂದು ಅವರಿಗೆ ಹೇಗೆ ತೋಚಿತು ಎಂದು ವಿಚಾರಿಸಿದೆ.

ಅವರು ನಕ್ಕರು. "ಬೆಳಿಗ್ಗೆ ಒಂದು ಬೊಟ್ಟು ಒರೆಸಿ ಬೈಸ್ಕಂಡೆನಲ್ಲ ಮೇಡಂ. ಇನ್ನೊಂದನ್ನ ಒರೆಸೋಕೆ ಮುಂಚೆ ಕೇಳಾಣ ಅನ್ನಿಸ್ತು."

ಗೆಳೆಯರೇ, ಈ ಉತ್ತರವನ್ನು ನಾನು ಇಷ್ಟು ವರ್ಷವಾದರೂ ಪೂರ್ತಿ ಜೀರ್ಣಿಸಿಕೊಂಡಿಲ್ಲ. ಅನುಭವವನ್ನು ನಾವು ವರ್ಷಗಳಲ್ಲಿ ಅಳೆಯುತ್ತೇವೆ, ಐದು ವರ್ಷದವರು, ಹತ್ತು ವರ್ಷದವರು ಎಂದು ಕುಂಬಳಕಾಯಿ ತೂಗಿದಂತೆ ತೂಗುತ್ತೇವೆ. ಇಕ್ಬಾಲರನ್ನು ತಡೆದು ನಿಲ್ಲಿಸಿದ ಅನುಭವದ ವಯಸ್ಸು ಮೂರು ಗಂಟೆ. ಅದನ್ನು ಕೊಟ್ಟದ್ದು ಕಸಬರಿಕೆ ಹಿಡಿದ ಬೋರಮ್ಮ. ಒಂದು ಬೈಗುಳವನ್ನು ಕೈಬಿಡದೆ ಹಿಡಿದುಕೊಂಡು, ಮಾನಿಟರಿನ ಗಾಜಿನಿಂದ ಅದರೊಳಗಿನ ಬಳ್ಳಿಯ ತನಕ ಕೊಂಡೊಯ್ದ ಗುಣ ಅವರದು, ಅದನ್ನು ಒಪ್ಪುತ್ತೇನೆ, ಅದಕ್ಕಾಗಿಯೇ ಅವರನ್ನು ಆರಿಸಿಕೊಂಡೆ. ಆದರೆ ಅದೇ ಬೈಗುಳವನ್ನು ಉಳಿದವರಿಗೆ ಸಿಗದಂತೆ ಅಡ್ಡ ನಿಂತು ತಡೆದವಳು ನಾನಲ್ಲವೇ? ಮರ್ಯಾದೆಯ ಹೆಸರಿನಲ್ಲಿ ಬೋರಮ್ಮನ ಬಾಯಿಗೆ ಬೀಗ ಹಾಕಿ, ಆಮೇಲೆ ಅವರಿಗೆ ತಿಳಿಯಲಿಲ್ಲ ಎಂದು ಅಂಕ ಕಳೆದಿದ್ದೆ.

ಮನಸ್ಸು ತಡೆಯದೆ ಎರಡು ಗಂಟೆಯವರಿಗೆ ಒಂದು ಪತ್ರ ಬರೆದೆ, ಚುಕ್ಕಿಯ ಕಥೆಯನ್ನೆಲ್ಲ ಹೇಳಿ, ನಾನೂ ಅದನ್ನೇ ಮಾಡಿದ್ದೆನೆಂಬುದನ್ನೂ ಮುಚ್ಚಿಡದೆ. ಉತ್ತರ ಬಂತು, ಒಂದೇ ಸಾಲು: "ಹೇಳಿದ್ದರೆ ಉಳಿಸುತ್ತಿದ್ದೆ, ಹೇಳಲಿಲ್ಲವೇಕೆ?" ಆ ಕಾಗದ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಅವರನ್ನು ಬಿಟ್ಟದ್ದು ಸರಿಯೆಂದೇ ನನ್ನ ನಿಲುವು, ಅದರಲ್ಲಿ ನಾನು ಅಲುಗಿಲ್ಲ. ಆದರೆ ಅವರ ಪ್ರಶ್ನೆಯನ್ನು ಓದಿದ ಮೇಲೆ, ಮುಂದೆ ಯಾರನ್ನು ಸಂದರ್ಶನಕ್ಕೆ ಕರೆದರೂ ಬೋರಮ್ಮನಿಗೆ ಪೂರ್ತಿ ಅಧಿಕಾರ ಕೊಟ್ಟುಬಿಟ್ಟೆ. "ಬೈಯೋದಿದ್ರೆ ಧಾರಾಳವಾಗಿ ಬೈಯಿ" ಎಂದೆ. ಅವಳು ಆ ಅಧಿಕಾರವನ್ನು ಎಂದೂ ವ್ಯರ್ಥ ಮಾಡಲಿಲ್ಲ.

ಮರುವಾರವೇ ಕಂಪ್ಯೂಟರನ್ನು ಕೆಳಗಿನ ಅಂಗಡಿಯ ಎರಡು ಕಂಬಳಿಗಳಲ್ಲಿ ಸುತ್ತಿ, ಬಸ್ಸಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೊಳಕಾಲ್ಮೂರಿಗೆ ಹೋದೆವು. ನಾಗಪ್ಪನವರು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿಕೊಂಡು ಕೂತಿದ್ದರು. "ಏಮಪ್ಪಾ, ಯಾವೂರು?" ಎಂದರು. ರಾಯದುರ್ಗ ಎಂದ ಕೂಡಲೇ ಇಬ್ಬರೂ ತೆಲುಗಿಗೆ ಜಾರಿದರು, ಆಮೇಲೆ ಕನ್ನಡಕ್ಕೆ ಮರಳಿದರು, ಆಮೇಲೆ ಎರಡನ್ನೂ ಕಲಸಿಕೊಂಡರು. ಇಕ್ಬಾಲ್ ಮೊದಲ ಪ್ರಶ್ನೆಯಾಗಿ ಆ ಚುಕ್ಕಿಯನ್ನೇ ಕೇಳಿದರು. ನಾಗಪ್ಪನವರು ಧ್ವನಿ ಬಂದ ಕಡೆ ಮುಖ ತಿರುಗಿಸಿದರು. ಸೊಂಟದ ಉಡಿದಾರದಿಂದ ಬೀಗದ ಕೈ ಬಿಚ್ಚಿ ನನ್ನ ಕಡೆ ಚಾಚಿದರು. "ತೆಗಿ ತಾಯಿ" ಎಂದರು.

ಆಮೇಲಿನ ಆರೇಳು ತಿಂಗಳು ಕಂಪ್ಯೂಟರು ಅಲ್ಲೇ, ವಾರಕ್ಕೆ ಮೂರು ದಿನ ಇಕ್ಬಾಲ್ ಕೂಡ ಅಲ್ಲೇ. ನಾನು ವೀರೇಶನಿಗೆ ಹೇಳಿದ್ದು ಸುಳ್ಳಾಗಲಿಲ್ಲ. ಆ ಪುಸ್ತಕಗಳಲ್ಲಿ ಕೇಳದಿದ್ದರೆ ತಿಳಿಯದ ಸಂಗತಿಗಳು ಹೆಜ್ಜೆಗೊಂದರಂತೆ ಇದ್ದವು. ಒಂದು ಹಂಸದ ಕೊಕ್ಕು ಅರ್ಧಕ್ಕೆ ನಿಂತಿತ್ತು. ಕೇಳಿದರೆ, ಉಳಿದರ್ಧ ಸೆರಗಿನ ಕಡೆಯಿಂದ ಬರುವ ಹಂಸದ್ದು, ಎರಡೂ ಕೂಡಿದರೆ ಮಾತ್ರ ಕೊಕ್ಕು ಪೂರ್ತಿ. ಪುಸ್ತಕಗಳು ಒಂದೊಂದಾಗಿ ಮುಗಿದವು. ಅಷ್ಟರಲ್ಲಿ ನಾಗಪ್ಪನವರಿಗೆ ಬಾಗಿಲ ಬೆಳಕಷ್ಟೇ ಉಳಿದಿತ್ತು, ಬಾಗಿಲಲ್ಲಿ ನಿಂತವರು ಕಾಣುತ್ತಿರಲಿಲ್ಲ.

ಕೊನೆಯ ಅಂಚು ತಲೆಯಲ್ಲಿದ್ದದ್ದು. ಯಾರ ಮಗ್ಗಕ್ಕೂ ಏರದ್ದು, ಕಾಗದಕ್ಕೂ ಬಾರದ್ದು. ಅವರು ಗೋಡೆಗೊರಗಿ ಹೇಳುತ್ತಾ ಹೋದರು: "ಮೂರು ಎಳೆ ಎತ್ತು, ಎರಡು ಬಿಡು, ಒಂದು ಎತ್ತು..." ಇಕ್ಬಾಲ್ ಪರದೆಯ ಮೇಲೆ ಚುಕ್ಕಿ ಇಡುತ್ತಾ, ಪ್ರತಿ ಸಾಲನ್ನೂ ತಿರುಗಿ ಓದಿ ಹೇಳುತ್ತಾ ಹೋದರು. ಒಂದು ಕಡೆ ಎಣಿಕೆ ತಪ್ಪಿದಾಗ ಮುದುಕರು ತಲೆಯಲ್ಲಾಡಿಸಿ, "ಊಹೂಂ, ಅಲ್ಲಿ ಹೂವಿನ ಕುತ್ತಿಗೆ ಮುರೀತೈತೆ" ಎಂದರು. ನೋಡಿದರೆ ನಿಜವಾಗಿಯೂ ಮುರಿದಿತ್ತು. ನಾಲ್ಕು ದಿನ ಹಿಡಿಯಿತು. ನಾಲ್ಕನೆಯ ಮಧ್ಯಾಹ್ನ ಅವರು ಕೊನೆಯ ಸಾಲು ಹೇಳಿ ಮುಗಿಸಿದರು. ಪರದೆಯ ತುಂಬ ಹೂವು ನಿಂತಿತ್ತು, ಅಷ್ಟು ಚೆಂದದ್ದನ್ನು ನಾನು ಅವರ ಪುಸ್ತಕಗಳಲ್ಲೂ ನೋಡಿರಲಿಲ್ಲ.

"ಯಜಮಾನ್ರೇ, ಬೊಟ್ಟು ಹೇಳಲಿಲ್ಲ. ಎಲ್ಲಿಡಲಿ?" ಎಂದು ಇಕ್ಬಾಲ್ ಕೇಳಿದರು.

"ನನಗ್ಯಾಕೆ ಕೇಳ್ತೀಯಪ್ಪಾ?" ಎಂದರು ನಾಗಪ್ಪನವರು. "ನಾ ಕಾಣದ ಕೂಸಿಗೆ ನನ್ನ ಕಣ್ಣು ತಾಗಲ್ಲ. ಅದನ್ನ ನೋಡಿದ್ದು ನೀವು. ನೀವೇ ಇಡ್ರಿ."

ಇಕ್ಬಾಲ್ ಕೈ ಹಿಂದೆಗೆದುಕೊಂಡರು. ಒಂದು ಕ್ಷಣ ನನ್ನ ಮುಖ ನೋಡಿ, ಕುರ್ಚಿ ಬಿಟ್ಟೆದ್ದು ಮೌಸನ್ನು ನನ್ನ ಕಡೆ ಸರಿಸಿದರು. ಒಮ್ಮೆ ಬೊಟ್ಟು ತೊಳೆದವಳ ಕೈಗೇ ಅದು ಬಂದಿತು. ಇಡಬೇಕಾದ್ದು ಒಂದು ಚುಕ್ಕಿ. ಬಳ್ಳಿಯ ಉದ್ದಕ್ಕೂ ಹೋದೆ, ಬಂದೆ, ಒಂದು ಎಲೆಯ ಪಕ್ಕದಲ್ಲಿ ನಿಂತೆ, ಒತ್ತಿದೆ. "ಎಲ್ಲಿಟ್ಟೆ ಅಂತ ಹೇಳಲಾ?" ಎಂದೆ. "ಬ್ಯಾಡ ತಾಯಿ. ನೇಯ್ದ ಮ್ಯಾಲೆ ನಾನೇ ಹುಡುಕ್ತೀನಿ" ಎಂದರು.

ಓಣಿಯ ನೇಕಾರರೊಬ್ಬರು ನೇಯ್ದ ಆ ಸೀರೆ ಮಗ್ಗದಿಂದ ಇಳಿದ ದಿನ ನಾವೆಲ್ಲ ಅಲ್ಲಿದ್ದೆವು. ನಾಗಪ್ಪನವರು ಅದನ್ನು ತೊಡೆಯ ಮೇಲೆ ಹರಡಿಕೊಂಡು, ಜರಿಯ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆ ಎಳೆಯಾಗಿ ನಡೆಸಿಕೊಂಡು ಹೋದರು. ಮೊಳದುದ್ದ ದಾಟಿತು. ಹೆಬ್ಬೆರಳು ಒಂದು ಕಡೆ ನಿಂತಿತು, ಹಿಂದಕ್ಕೆ ಬಂದಿತು, ಮತ್ತೆ ಅಲ್ಲೇ ನಿಂತಿತು. "ಇಲ್ಲೈತೆ" ಎಂದರು. ಮುಖ ನನ್ನ ಕಡೆ ತಿರುಗಿರಲಿಲ್ಲ, ಆದರೂ ಹೇಳಿದ್ದು ನನಗೇ.

ಕಂಪ್ಯೂಟರನ್ನು ಮತ್ತೆ ಕಂಬಳಿಯಲ್ಲಿ ಸುತ್ತಿ ಚಳ್ಳಕೆರೆಗೆ ತಂದೆವು. ಮರುದಿನ ಬೆಳಿಗ್ಗೆ ಬಿಚ್ಚಿ ಮೇಜಿನ ಮೇಲೆ ಕೂರಿಸಿದಾಗ ಗಾಜಿನ ಮೂಲೆ ಬರಿದಾಗಿತ್ತು. ಹೋಗಿ ಬರುವ ದಾರಿಯುದ್ದಕ್ಕೂ ಉಣ್ಣೆಗೆ ಉಜ್ಜಿ ಬೊಟ್ಟು ಅಳಿಸಿಹೋಗಿತ್ತು. ಬೋರಮ್ಮ ಕೊಡ ಹೊತ್ತು ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿತ್ತು. ಅವಳ ಕಾಡಿಗೆ ಡಬ್ಬಿ ಎಂದಿನಂತೆ ಕಿಟಕಿಯ ಮೇಲಿತ್ತು. ಮುಚ್ಚಳ ತೆಗೆದು ಕಿರುಬೆರಳಿಗೆ ಹಚ್ಚಿಕೊಂಡೆ, ಗಾಜಿನ ಹತ್ತಿರ ಒಯ್ದೆ, ಅಲ್ಲೇ ತಡೆದೆ. ಅವಳು ಒಳಗೆ ಬಂದು ಕೊಡ ಇಳಿಸುವ ತನಕ ಬೆರಳನ್ನು ಹಾಗೆಯೇ ಎತ್ತಿಹಿಡಿದು ನಿಂತಿದ್ದೆ.

"ಎಲ್ಲಿಡಲಿ ಬೋರಮ್ಮ?" ಎಂದು ಕೇಳಿದೆ.